ಜರ್ಮನ್ ಸಮಸ್ತಪದಗಳ ಉಚ್ಚಾರಾಂಶ ವಿಭಜನೆ

ಜರ್ಮನ್ ಭಾಷೆಯಲ್ಲಿ ಹಲವು ನಾಮಪದಗಳನ್ನು ನಡುವೆ ತೆರಪಿಲ್ಲದೆ ಕೂಡಿಸಿ ಒಂದೇ ಪದವಾಗಿ ಬರೆಯುವುದು ರೂಢಿ. ಇಂತಹ ಸಮಸ್ತಪದವು ಸಾಲಿನ ಕೊನೆಯಲ್ಲಿ ಹಿಡಿಸದಿದ್ದಾಗ ಅದನ್ನು ಎಲ್ಲಿ ಒಡೆಯಬೇಕೆಂಬುದು ಮುದ್ರಕನ ಸಮಸ್ಯೆ ಮಾತ್ರವಲ್ಲ. ಅರ್ಥನಿರ್ಣಯದ ಸಮಸ್ಯೆಯೂ ಹೌದು.

ಬಿಡಿಪದದ ನಿಯಮ ಸರಳವಾದುದು. ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ಉಚ್ಚಾರಾಂಶಕ್ಕೆ ಸೇರುತ್ತದೆ. ಹಲವಿದ್ದರೆ ಕೊನೆಯದು ಮಾತ್ರ ಮುಂದಕ್ಕೆ ಹೋಗುತ್ತದೆ. ಒಂದೇ ಧ್ವನಿಯನ್ನು ಸೂಚಿಸುವ ಅಕ್ಷರಗುಚ್ಛವನ್ನು ಒಡೆಯುವಂತಿಲ್ಲ.

ಸಮಸ್ತಪದದಲ್ಲಾದರೋ ಮೊದಲು ಘಟಕಪದಗಳ ಕೀಲನ್ನು ಗುರುತಿಸಬೇಕು. ಉಚ್ಚಾರಾಂಶದ ವಿಚಾರ ಆಮೇಲಿನದು. 1829ರಲ್ಲಿ ವಿಯೆನ್ನಾದಲ್ಲಿ ಸ್ಥಾಪಿತವಾದ ಹಬೆಹಡಗು ಸಂಸ್ಥೆಯಿಂದ ಪ್ರಸಿದ್ಧವಾದ ಪದವನ್ನು 'ಡೋನೌ-ಡಂಪ್ಫ್-ಷಿಫ್-ಫಾರ್ಟ್ಸ್-ಗೆಜೆಲ್‌ಷಾಫ್ಟ್' ಎಂದು ಐದು ಘಟಕಗಳಾಗಿ ಬಿಡಿಸಬೇಕು. ಡಾನ್ಯೂಬ್, ಹಬೆ, ಹಡಗು, ಯಾನ, ಸಂಘ ಎಂಬುವು ಕ್ರಮವಾಗಿ ಇವುಗಳ ಅರ್ಥ. ನಾಲ್ಕನೆಯದರ ತುದಿಯ ಸಕಾರ ಬೆಸುಗೆಯ ವರ್ಣ. ಅದು ಹಿಂದಿನ ಘಟಕಕ್ಕೇ ಸೇರತಕ್ಕದ್ದು. ಬಳಿಕವೇ 'ಡೋ-ನೌ', 'ಗೆ-ಜೆಲ್-ಷಾಫ್ಟ್' ಎಂಬ ಒಳವಿಭಾಗ.

ಕೀಲು ತಪ್ಪಿದರೆ ಅರ್ಥವೂ ಉಚ್ಚಾರವೂ ಒಟ್ಟಿಗೆ ಕೆಡುತ್ತವೆ. ಒಂಬತ್ತು ಅಕ್ಷರಗಳ ಒಂದೇ ಬರವಣಿಗೆಯನ್ನು 'ವಖ್-ಷ್ಟೂಬೆ' ಎಂದು ಬಿಡಿಸಿದರೆ ಕಾವಲುಗಾರರ ಕೋಣೆ. 'ವಕ್ಸ್-ಟೂಬೆ' ಎಂದರೆ ಮೇಣದ ಟ್ಯೂಬು. ಎರಡೂ ನಿಯಮಬದ್ಧವೇ, ಯಾವುದು ಸರಿಯೆಂಬುದನ್ನು ಸಂದರ್ಭವೇ ಹೇಳಬೇಕು. 1983ರಲ್ಲಿ ಫ್ರಾಂಕ್ ಲಿಯಾಂಗ್ ಗಣಕಯಂತ್ರಕ್ಕಾಗಿ ಅಕ್ಷರವಿನ್ಯಾಸಗಳನ್ನಾಧರಿಸಿದ ಪದವಿಭಜನಾ ಕ್ರಮವೊಂದನ್ನು ನಿರೂಪಿಸಿದರು. ಬಹು ಉಪಯುಕ್ತವಾದ ಆ ಕ್ರಮವೂ ಅಕ್ಷರಗಳನ್ನು ಮಾತ್ರ ನೋಡಿ ಇಂತಹ ಪದವನ್ನು ನಿರ್ಣಯಿಸಲಾರದು.

1996ರ ಕಾಗುಣಿತ ಸುಧಾರಣೆಯೂ ಈ ತತ್ತ್ವವನ್ನು ಕೈಬಿಡಲಿಲ್ಲ. ಕಿಟಕಿ ಎಂಬರ್ಥದ ಪದ ಹಿಂದೆ 'ಫೆನ್-ಸ್ಟರ್' ಎಂದು ಒಡೆಯುತ್ತಿದ್ದುದು 'ಫೆನ್ಸ್-ಟರ್' ಆಯಿತು. ಆದರೆ 'ಮೇಲಕ್ಕೆ' ಎಂಬರ್ಥದ ಪದವನ್ನು ಕೀಲಿಗನುಸಾರವಾಗಿ 'ಹಿನ್-ಔಫ್' ಎಂದಲ್ಲದೆ, ಉಚ್ಚಾರಾನುಸಾರವಾಗಿ 'ಹಿ-ನೌಫ್' ಎಂದೂ ಒಡೆಯಬಹುದೆಂದಾಯಿತು. ಸಮಸ್ತಪದವೆಂಬ ಅರಿವು ಮಾಸಿದಲ್ಲಿ ಮಾತ್ರ ಈ ಸಡಿಲಿಕೆ ಎಂಬುದು ಗಮನಾರ್ಹ.

ಹಳಗನ್ನಡ ಕಾವ್ಯಾಭ್ಯಾಸಿಗಳಿಗೆ ಪದಚ್ಛೇದದ ಶಿಸ್ತು ಹೊಸದಲ್ಲ. ಅಲ್ಲಿ ಸಂಧಿಕಾರ್ಯವು ಕೀಲನ್ನು ಮರೆಸುತ್ತದೆ. ಇಲ್ಲಿ ವರ್ಣಗಳು ಮಾರ್ಪಡದಿದ್ದರೂ ತೆರಪಿಲ್ಲದ ಬರಹ ಅದನ್ನು ಮುಚ್ಚುತ್ತದೆ. ಜರ್ಮನ್ ಕಲಿಯುವವರು ದೀರ್ಘಪದದ ಕೊನೆಯ ಘಟಕವನ್ನು ಮೊದಲು ಹುಡುಕುವುದು ಲೇಸು: ಲಿಂಗವೂ ಪ್ರಧಾನಾರ್ಥವೂ ಅದರಿಂದಲೇ ನಿಶ್ಚಿತವಾಗುತ್ತವೆ. ಅರ್ಥವನ್ನರಿತು ಒಡೆದ ಪದವನ್ನು ಸರಿಯಾಗಿ ಉಚ್ಚರಿಸುವುದೂ ಸುಲಭ.