ಸುಣ್ಣಕಟ್ಟು ರೋಗದ ಶಿಲೀಂಧ್ರ: ಗುರುತಿಸುವುದು ಹೇಗೆ?

ರೇಷ್ಮೆ ಸಾಕುವವರಿಗೆ ಸುಣ್ಣಕಟ್ಟು ರೋಗ ಚಿರಪರಿಚಿತ. ಈ ರೋಗದಿಂದ ಸತ್ತ ಹುಳು ಕೊಳೆಯುವುದಿಲ್ಲ. ಗಟ್ಟಿಯಾಗಿ, ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಆ ಬಿಳುಪು ಶಿಲೀಂಧ್ರವೊಂದರ ಬೀಜಾಣುಗಳ ರಾಶಿ. ಈ ರೋಗ ತಾನಾಗಿ ಹುಟ್ಟುವುದಲ್ಲ, ಸೂಕ್ಷ್ಮಜೀವಿಯಿಂದ ಹರಡುತ್ತದೆ ಎಂದು ಇಟಲಿಯ ಅಗೊಸ್ಟಿನೊ ಬಾಸ್ಸಿ 1835ರಲ್ಲಿ ಪ್ರಕಟಿಸಿದ. ಪ್ರಾಣಿಗಳ ರೋಗಕ್ಕೆ ಸೂಕ್ಷ್ಮಜೀವಿ ಕಾರಣವೆಂದು ಪ್ರಯೋಗದಿಂದ ತೋರಿಸಿದವರಲ್ಲಿ ಆತ ಮೊದಲಿಗ. ಆತನ ನೆನಪಿಗಾಗಿಯೇ ಆ ಶಿಲೀಂಧ್ರಕ್ಕೆ ಬ್ಯೂವೇರಿಯ ಬಾಸ್ಸಿಯಾನ ಎಂಬ ಹೆಸರು.

ಇದೇ ಶಿಲೀಂಧ್ರವನ್ನು ಕಾಫಿಯ ಕಾಯಿಕೊರಕದಂಥ ಕೀಟಗಳ ವಿರುದ್ಧ ಜೈವಿಕ ಕೀಟನಾಶಕವಾಗಿ ಬಳಸುತ್ತಾರೆ. ಕಾಫಿ ಬೆಳೆಗಾರನಿಗೆ ಮಿತ್ರ, ರೇಷ್ಮೆ ರೈತನಿಗೆ ಶತ್ರು! ಆದ್ದರಿಂದ ಕೈಯಲ್ಲಿರುವುದು ಯಾವ ಪ್ರಭೇದ ಎಂಬುದು ಬರಿಯ ಹೆಸರಿನ ಪ್ರಶ್ನೆಯಲ್ಲ.

ಕಣ್ಣಿಗೆ ಕಾಣುವ ಸಾಕ್ಷ್ಯ

ಸೂಕ್ಷ್ಮದರ್ಶಕದಲ್ಲಿ ಬ್ಯೂವೇರಿಯ ಕುಲವನ್ನು ಗುರುತಿಸುವುದು ಕಷ್ಟವಲ್ಲ. ಬೀಜಾಣು ಹುಟ್ಟುವ ಕೋಶದ ಬುಡ ಉಬ್ಬಿರುತ್ತದೆ. ತುದಿಯ ಎಳೆ ಅಂಕುಡೊಂಕಾಗಿ ಬೆಳೆಯುತ್ತ, ಪ್ರತಿ ತಿರುವಿನಲ್ಲೂ ಒಂದು ಬೀಜಾಣುವನ್ನು ಹುಟ್ಟಿಸುತ್ತದೆ. ಆದರೆ ಪ್ರಭೇದವನ್ನು ತಿಳಿಯುವುದು ಹೇಗೆ? ಬಾಸ್ಸಿಯಾನದ ದುಂಡನೆಯ ಬೀಜಾಣುವಿನ ವ್ಯಾಸ ಸುಮಾರು 2ರಿಂದ 3 ಮೈಕ್ರೊಮೀಟರ್. ಹಸಿರು ಬೆಳಕಿನ ತರಂಗದೂರ ಸುಮಾರು 0.5 ಮೈಕ್ರೊಮೀಟರ್. ಬೆಳಕಿನ ಈ ಗುಣದಿಂದಾಗಿ ಸಾಮಾನ್ಯ ಸೂಕ್ಷ್ಮದರ್ಶಕವು ಸುಮಾರು 0.2 ಮೈಕ್ರೊಮೀಟರಿಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೇರ್ಪಡಿಸಿ ತೋರಿಸಲಾರದು. ಇಷ್ಟು ಪುಟ್ಟ, ನುಣುಪಾದ ಗೋಲಿಯಲ್ಲಿ ಆಕಾರ ಮತ್ತು ಗಾತ್ರ ಬಿಟ್ಟರೆ ಅಳೆಯಲು ಹೆಚ್ಚೇನೂ ಸಿಗದು.

ಜೀನುಗಳ ಸಾಕ್ಷ್ಯ

ಡಿಎನ್‌ಎಯಲ್ಲಿ ಈ ಕೊರತೆ ಇಲ್ಲ. ಅದರ ಪ್ರತಿ ಸ್ಥಾನದಲ್ಲೂ ಎ, ಟಿ, ಜಿ, ಸಿ ಎಂಬ ನಾಲ್ಕು ಪ್ರತ್ಯಾಮ್ಲಗಳಲ್ಲಿ ಒಂದಿರುತ್ತದೆ. ಕೇವಲ 10 ಸ್ಥಾನಗಳಿದ್ದರೂ 10,48,576 ಜೋಡಣೆಗಳು ಸಾಧ್ಯ. ಒಂದೇ ಜೀನನ್ನು ಹಲವು ಮಾದರಿಗಳಿಂದ ಓದಿ, ಸಾಲಾಗಿಟ್ಟು, ಎಲ್ಲೆಲ್ಲಿ ವ್ಯತ್ಯಾಸವಿದೆ ಎಂದು ಹೋಲಿಸಿದರೆ ಅವುಗಳ ವಂಶವೃಕ್ಷವನ್ನು ರಚಿಸಬಹುದು.

2005ರಲ್ಲಿ ಸ್ಟೀಫನ್ ರೇನರ್ ಮತ್ತು ಎಲೆನ್ ಬಕ್ಲಿ ಹೀಗೆ ಮಾಡಿದಾಗ, ಬಾಸ್ಸಿಯಾನ ಎಂಬ ಒಂದೇ ಹೆಸರಿನ ಮಾದರಿಗಳು ವೃಕ್ಷದ ಬೇರೆ ಬೇರೆ ಕೊಂಬೆಗಳಲ್ಲಿ ಕಾಣಿಸಿಕೊಂಡವು. 2011ರಲ್ಲಿ ರೇನರ್ ಮತ್ತು ಸಂಗಡಿಗರು ಡಿಎನ್‌ಎಯ ನಾಲ್ಕು ಭಾಗಗಳನ್ನು ಹೋಲಿಸಿ, ಈ ಕುಲದಲ್ಲಿ 12 ಪ್ರಭೇದಗಳನ್ನು ಗುರುತಿಸಿದರು. ಬಾಸ್ಸಿಯಾನದಂತೆಯೇ ಕಾಣುವ ಒಂದಕ್ಕೆ ಸ್ಯೂಡೊಬಾಸ್ಸಿಯಾನ, ಅಂದರೆ 'ಹುಸಿ ಬಾಸ್ಸಿಯಾನ' ಎಂದು ಹೆಸರಿಟ್ಟರು.

ನಾಲ್ಕು ಭಾಗಗಳೇಕೆ? ನಿಧಾನವಾಗಿ ಬದಲಾಗುವ ಭಾಗವು ಇತ್ತೀಚೆಗೆ ಕವಲೊಡೆದ ಪ್ರಭೇದಗಳನ್ನು ಬೇರ್ಪಡಿಸದು. ಒಂದು ಜೀನಿನ ಚರಿತ್ರೆ ಇಡೀ ಜೀವಿಯ ಚರಿತ್ರೆಯಾಗಿರಬೇಕೆಂದೂ ಇಲ್ಲ. ಸ್ವತಂತ್ರವಾದ ಹಲವು ಅಳತೆಗಳು ಒಂದೇ ಉತ್ತರ ಕೊಟ್ಟಾಗ ನಂಬಿಕೆ ಹೆಚ್ಚುತ್ತದೆ. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ನಾವು ಅನುಸರಿಸುವ ನಿಯಮವೂ ಇದೇ.

ಎರಡೂ ಬೇಕು

ಹಾಗಾದರೆ ಸೂಕ್ಷ್ಮದರ್ಶಕ ಬೇಡವೇ? ಖಂಡಿತ ಬೇಕು. ಸತ್ತ ಹುಳುವಿನ ಮೇಲೆ ಬೇರೆ ಬೂಷ್ಟುಗಳೂ ಬೆಳೆಯಬಹುದು; ಅವುಗಳ ಡಿಎನ್‌ಎಯೂ ಮಾದರಿಯಲ್ಲಿ ಸೇರಿಕೊಳ್ಳಬಹುದು. ಡಿಎನ್‌ಎ ಬಂಧುತ್ವವನ್ನು ಹೇಳೀತು, ಹುಳುವನ್ನು ಕೊಂದದ್ದು ಯಾವುದೆಂದು ಹೇಳದು. ಅದಕ್ಕೆ ಶಿಲೀಂಧ್ರವನ್ನು ಶುದ್ಧವಾಗಿ ಬೆಳೆಸಿ, ನೋಡಿ, ಆರೋಗ್ಯವಂತ ಹುಳುವಿಗೆ ಸೋಂಕಿಸಿ ಪರೀಕ್ಷಿಸಬೇಕು. ಬಾಸ್ಸಿ ನಡೆದ ದಾರಿ ಇಂದಿಗೂ ಹಳತಾಗಿಲ್ಲ.

ರೈತನಾದರೋ ಪ್ರಭೇದದ ಹೆಸರಿಗಾಗಿ ಕಾಯಬೇಕಿಲ್ಲ. ಸತ್ತು ಗಟ್ಟಿಯಾದ ಹುಳುಗಳನ್ನು, ಬೆಳ್ಳಗಾಗಿ ಬೀಜಾಣು ಚೆಲ್ಲುವ ಮೊದಲೇ, ಆರಿಸಿ ಸುಟ್ಟುಬಿಡಬೇಕು.