ಕಾರಿನ ತಳಕ್ಕೊಂದು ಕವಚ: ಉಕ್ಕೋ, ಅಲ್ಯೂಮಿನಿಯಮೋ?

ಕಾರಿನ ಎಂಜಿನ್‌ನ ತಳದಲ್ಲಿ ತೈಲ ನಿಲ್ಲುವ ಒಂದು ತೊಟ್ಟಿ ಇರುತ್ತದೆ. ಪುಸ್ತಕಗಳಲ್ಲಿ ಇದರ ಹೆಸರು ಆಯಿಲ್ ಸಂಪ್, ಗ್ಯಾರೇಜುಗಳಲ್ಲಿ 'ಚೇಂಬರ್'. ಪಂಪೊಂದು ಇಲ್ಲಿಂದ ತೈಲವನ್ನು ಹೀರಿ ಬೇರಿಂಗ್ ಮತ್ತು ಪಿಸ್ಟನ್‌ಗಳಿಗೆ ಒದಗಿಸುತ್ತದೆ. ರಸ್ತೆಯ ಕಲ್ಲೊಂದು ತಗುಲಿ ಈ ತೊಟ್ಟಿ ಸೀಳಿದರೆ ತೈಲ ಸೋರಿಹೋಗುತ್ತದೆ. ಲೋಹದ ಮೇಲೆ ಲೋಹ ನೇರವಾಗಿ ಉಜ್ಜತೊಡಗಿದರೆ ಇಡೀ ಎಂಜಿನ್ ಹಾಳಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ವೇಗಕ್ಕೆಂದೇ ರೂಪಿಸಿದ ಹ್ಯಾಚ್‌ಬ್ಯಾಕ್ ಕಾರುಗಳಲ್ಲಿ ಈ ಅಪಾಯ ಹೆಚ್ಚು. ಜರ್ಮನಿಯಲ್ಲಿ 1976ರಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಈ ವರ್ಗದ ಪ್ರಸಿದ್ಧ ಉದಾಹರಣೆ. ಅದರ ಹೊಸ ಮಾದರಿ 2025ರಲ್ಲಿ ಆಮದಾಗಿ ಭಾರತಕ್ಕೂ ಬಂತು. ತಿರುವುಗಳಲ್ಲಿ ಸ್ಥಿರವಾಗಿರಲು ಗುರುತ್ವ ಕೇಂದ್ರ ತಗ್ಗಿನಲ್ಲಿರಬೇಕು. ಆದ್ದರಿಂದ ಇಂಥ ಕಾರುಗಳು ನೆಲಕ್ಕೆ ಹತ್ತಿರವಾಗಿರುತ್ತವೆ. ಹೀಗಾಗಿ ಅನೇಕ ಮಾಲೀಕರು ಕಾರು ಕೊಂಡ ಮೇಲೆ ಎಂಜಿನ್ ಕೆಳಗೆ ಲೋಹದ ಕವಚ ಹಾಕಿಸುತ್ತಾರೆ. ಕವಚ ಗಟ್ಟಿಯಾಗಿದ್ದಷ್ಟೂ ಒಳ್ಳೆಯದು ಎಂಬುದು ಸಾಮಾನ್ಯ ನಂಬಿಕೆ. ಇದು ಎಷ್ಟು ಸರಿ? ಪರಿಶೀಲಿಸೋಣ.

ಮೂಲ ಹೊದಿಕೆಯ ಉದ್ದೇಶ

ಕಾರ್ಖಾನೆಯಿಂದ ಬರುವಾಗಲೇ ಎಂಜಿನ್ ಕೆಳಗೆ ತೆಳುವಾದ ಪ್ಲಾಸ್ಟಿಕ್ ಹೊದಿಕೆ ಇರುವುದನ್ನು ನೀವು ಗಮನಿಸಿರಬಹುದು. ಕಾರಿನಡಿಯ ಗಾಳಿಯ ಹರಿವನ್ನು ನಯಗೊಳಿಸುವುದು, ಕೆಸರನ್ನು ತಡೆಯುವುದು, ಸದ್ದನ್ನು ತಗ್ಗಿಸುವುದು ಇದರ ಕೆಲಸ. ಕಲ್ಲಿನ ಹೊಡೆತವನ್ನು ತಡೆದುಕೊಳ್ಳುವುದಕ್ಕಾಗಿ ಅದನ್ನು ಮಾಡಿಲ್ಲ. ಇಂದಿನ ಕೆಲವು ಎಂಜಿನ್‌ಗಳಲ್ಲಂತೂ ಸಂಪ್‌ನ ಕೆಳಭಾಗವೂ ಪ್ಲಾಸ್ಟಿಕ್ಕಿನದೇ.

ಹೊಡೆತದ ಲೆಕ್ಕ

ಕಾರಿನ ಮುಂಭಾಗ ಹೊರುವ ರಾಶಿ ಸುಮಾರು 800 ಕಿ.ಗ್ರಾಂ. ಎಂದುಕೊಳ್ಳೋಣ. ಚಕ್ರ ಗುಂಡಿಗಿಳಿದಾಗ ಈ ಭಾಗ ಸೆಕೆಂಡಿಗೆ 0.5 ಮೀಟರ್ ವೇಗದಲ್ಲಿ ಕೆಳಗಿಳಿದು ಕಲ್ಲಿಗೆ ತಗುಲಿತು ಎನ್ನಿ. ಆಗಿನ ಚಲನಶಕ್ತಿ 100 ಜೂಲ್. ಈ ಶಕ್ತಿಯನ್ನು ಕೇವಲ 2 ಮಿ.ಮೀ. ದೂರದಲ್ಲಿ ಹೀರಿಕೊಳ್ಳಬೇಕಾದರೆ ಸರಾಸರಿ ಬಲ 50,000 ನ್ಯೂಟನ್ ಆಗುತ್ತದೆ. 10 ಮಿ.ಮೀ. ದೂರ ಸಿಕ್ಕರೆ 10,000 ನ್ಯೂಟನ್ ಸಾಕು. ಸ್ಪ್ರಿಂಗ್‌ಗಳ ಪಾತ್ರವನ್ನು ಬಿಟ್ಟು ಮಾಡಿದ ಅಂದಾಜು ಇದು. ಆದರೂ ತತ್ತ್ವ ಸ್ಪಷ್ಟ: ಕವಚ ಸ್ವಲ್ಪ ಬಾಗಬೇಕು, ಬಾಗಿದಾಗ ಸಂಪ್‌ಗೆ ತಾಗಬಾರದು. ಅಂದರೆ ಎರಡರ ನಡುವೆ ತೆರಪು ಇರಲೇಬೇಕು. ಸಂಪ್‌ಗೆ ಅಂಟಿಕೊಂಡಂತೆ ಕೂರಿಸಿದ ತಗಡು ಹೊಡೆತವನ್ನು ಒಳಕ್ಕೆ ದಾಟಿಸುತ್ತದೆ. ಕವಚದ ಬೋಲ್ಟುಗಳು ಕೂಡ ಸಂಪ್‌ಗೆ ಸೇರಿರದೆ ಎಂಜಿನ್ ಹೊರುವ ಚೌಕಟ್ಟಿಗೆ ಸೇರಿರಬೇಕು.

ದಪ್ಪದ ಘನ

ಉಕ್ಕಿನ ಯಂಗ್ ಗುಣಾಂಕ ಸುಮಾರು 200 ಗಿಗಾಪಾಸ್ಕಲ್, ಅಲ್ಯೂಮಿನಿಯಂನದು 70. ಇಷ್ಟನ್ನೇ ನೋಡಿದರೆ ಉಕ್ಕು ಗೆದ್ದಿತೆನಿಸುತ್ತದೆ. ಆದರೆ ಹಲಗೆಯೊಂದರ ಬಾಗುವಿಕೆಯ ಬಿಗಿತ ಅದರ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. ದಪ್ಪ ಇಮ್ಮಡಿಯಾದರೆ ಬಿಗಿತ ಎಂಟು ಪಟ್ಟು!

0.8 ಚದರ ಮೀಟರ್ ವಿಸ್ತೀರ್ಣದ 2 ಮಿ.ಮೀ. ಉಕ್ಕಿನ ಕವಚದ ರಾಶಿ ಸುಮಾರು 12.6 ಕಿ.ಗ್ರಾಂ. ಅಷ್ಟೇ ವಿಸ್ತೀರ್ಣದ 4 ಮಿ.ಮೀ. ಅಲ್ಯೂಮಿನಿಯಂ ಕವಚದ್ದು 8.6 ಕಿ.ಗ್ರಾಂ. ಬಿಗಿತವನ್ನು ಹೋಲಿಸಿದರೆ ಎಂಟನ್ನು 70/200ರಿಂದ ಗುಣಿಸಬೇಕು: 2.8. ಹಗುರವಾದ ಕವಚವೇ ಸುಮಾರು ಮೂರು ಪಟ್ಟು ಬಿಗಿ! ಹಾಗೆಂದು ಉಕ್ಕಿಗೆ ಬೆಲೆಯಿಲ್ಲ ಎಂದಲ್ಲ. ಅದರ ಮೇಲ್ಮೈ ಗಡಸು. ಚೂಪಾದ ಕಲ್ಲು ಗೀರಿದಾಗ ಕಡಿಮೆ ಸವೆಯುತ್ತದೆ, ಬೆಲೆಯೂ ಅಗ್ಗ. ದಿನವೂ ಕಲ್ಲುದಾರಿಯಲ್ಲಿ ಓಡಾಡುವ ವಾಹನಕ್ಕೆ ಉಕ್ಕು ಸರಿ. ನಗರ, ಹೆದ್ದಾರಿಗಳಲ್ಲಿ ಓಡುವ ವೇಗದ ಹ್ಯಾಚ್‌ಬ್ಯಾಕ್‌ಗೆ ಅಲ್ಯೂಮಿನಿಯಂ ಲೇಸು.

ರಸ್ತೆಯುಬ್ಬು ಮತ್ತು ಬ್ರೇಕು

ಕವಚದ ದಪ್ಪ ಮತ್ತು ತೆರಪು ಸೇರಿ ಸುಮಾರು ಒಂದೂವರೆ ಸೆಂ.ಮೀ. ಆಗಬಹುದು. ಅಷ್ಟು ಅಂತರ ನೆಲದ ಲೆಕ್ಕದಿಂದ ಹೋಗುತ್ತದೆ. ಇದು ದೊಡ್ಡ ನಷ್ಟವೇ?

ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ದುಂಡನೆಯ ರಸ್ತೆಯುಬ್ಬಿನ ತ್ರಿಜ್ಯ 17 ಮೀಟರ್, ಅಗಲ 3.7 ಮೀಟರ್, ಎತ್ತರ 10 ಸೆಂ.ಮೀ. ಗಾಲ್ಫ್ ಜಿಟಿಐನ ಚಕ್ರಾಂತರ ಸುಮಾರು 2.63 ಮೀಟರ್. ಆದ್ದರಿಂದ ನಾಲ್ಕೂ ಚಕ್ರಗಳು ಒಮ್ಮೆಗೇ ಉಬ್ಬಿನ ಮೇಲಿರಬಹುದು. ಆಗ ಕಾರಿನಡಿಯ ಒಂದು ಬಿಂದುವಿನಲ್ಲಿ ನೆಲ ಎಷ್ಟು ಮೇಲೇಳುತ್ತದೆ? ಆ ಬಿಂದುವಿನಿಂದ ಮುಂದಿನ ಮತ್ತು ಹಿಂದಿನ ಚಕ್ರಗಳಿಗಿರುವ ದೂರಗಳ ಗುಣಲಬ್ಧವನ್ನು ತ್ರಿಜ್ಯದ ಎರಡರಷ್ಟರಿಂದ ಭಾಗಿಸಿ. ಕಾರಿನ ನಡುಮಧ್ಯದಲ್ಲಿ 5.1 ಸೆಂ.ಮೀ. ಬರುತ್ತದೆ, ಮುಂದಿನ ಅಚ್ಚಿನಿಂದ 30 ಸೆಂ.ಮೀ. ಹಿಂದಿರುವ ಸಂಪ್‌ನಲ್ಲಿ 2 ಸೆಂ.ಮೀ. ಮಾತ್ರ.

ಈಗ ಚಾಲಕ ಉಬ್ಬಿನ ಮೇಲೆಯೇ ಬ್ರೇಕ್ ಒತ್ತಿದ ಎನ್ನಿ. 1,400 ಕಿ.ಗ್ರಾಂ. ರಾಶಿ, 5 ಮೀ./ಸೆ.² ಮಂದಗತಿ, ಗುರುತ್ವ ಕೇಂದ್ರದ ಎತ್ತರ 0.55 ಮೀಟರ್ ಎಂದಿಟ್ಟುಕೊಂಡರೆ ಮುಂದಿನ ಚಕ್ರಗಳ ಮೇಲೆ ಸುಮಾರು 1,460 ನ್ಯೂಟನ್ ಹೆಚ್ಚುವರಿ ಭಾರ ಬೀಳುತ್ತದೆ. ಮುಂದಿನ ಎರಡು ಸ್ಪ್ರಿಂಗ್‌ಗಳು ಸೇರಿ ಮಿ.ಮೀ.ಗೆ 60 ನ್ಯೂಟನ್ ಬಿಗಿಯಿದ್ದರೆ ಕಾರಿನ ಮೂತಿ 24 ಮಿ.ಮೀ.ನಷ್ಟು ತಗ್ಗುತ್ತದೆ. ಸಸ್ಪೆನ್ಷನ್‌ನ ರಚನೆ ಇದನ್ನು ಕೊಂಚ ಕಡಿಮೆ ಮಾಡೀತು. ಆದರೂ ಕವಚದಿಂದ ಹೋಗುವ ಅಂತರಕ್ಕಿಂತ ತಪ್ಪಾದ ಜಾಗದಲ್ಲಿ ಒತ್ತಿದ ಬ್ರೇಕಿನಿಂದ ಹೋಗುವ ಅಂತರವೇ ಹೆಚ್ಚು! ಉಬ್ಬಿಗೆ ಮುಂಚೆಯೇ ವೇಗ ತಗ್ಗಿಸಿ, ಹತ್ತುವಾಗ ಬ್ರೇಕ್ ಬಿಡಬೇಕು ಎನ್ನುವುದು ಇದಕ್ಕಾಗಿಯೇ.

ಗಾಳಿ ಮತ್ತು ನೀರು

ರೇಡಿಯೇಟರ್ ಮೂಲಕ ಬಂದ ಬಿಸಿಗಾಳಿಯ ಬಹುಪಾಲು ಎಂಜಿನ್‌ನ ಅಡಿಯಿಂದ ಹೊರಹೋಗುತ್ತದೆ. ಪೂರಾ ಮುಚ್ಚಿದ ಕವಚ ಈ ದಾರಿಗೆ ಅಡ್ಡ. ಆದ್ದರಿಂದ ಗಾಳಿಗಂಡಿಗಳಿರುವ ಕವಚವನ್ನೇ ಆರಿಸಬೇಕು. ತೈಲ ಬದಲಿಸಲು ಬೇರೆ ರಂಧ್ರವಿದ್ದರೆ ಅನುಕೂಲ. ಇನ್ನೊಂದು ಎಚ್ಚರಿಕೆ: ಅಲ್ಯೂಮಿನಿಯಂಗೆ ಉಕ್ಕಿನ ಬೋಲ್ಟು ತಾಗಿ, ನಡುವೆ ಮಳೆನೀರು ನಿಂತರೆ ಅಲ್ಲೊಂದು ವಿದ್ಯುತ್ಕೋಶವೇ ಏರ್ಪಡುತ್ತದೆ. ಹೆಚ್ಚು ಕ್ರಿಯಾಶೀಲವಾದ ಅಲ್ಯೂಮಿನಿಯಂ ಸವೆಯುತ್ತದೆ. ನೈಲಾನ್ ವಾಷರ್ ಮತ್ತು ಲೇಪನವಿರುವ ಬೋಲ್ಟು ಇದನ್ನು ತಡೆಯುತ್ತವೆ.

ತರಗತಿಯಲ್ಲಿ ಮಾಡಿ ನೋಡಿ

ದಪ್ಪದ ಘನದ ನಿಯಮವನ್ನು ತೋರಿಸಲು ಎರಡು ರಟ್ಟಿನ ಪಟ್ಟಿಗಳು ಸಾಕು. ಒಂದು ಪಟ್ಟಿಯನ್ನು ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಇಟ್ಟು, ಮಧ್ಯೆ ಕೆಲವು ನಾಣ್ಯಗಳನ್ನಿರಿಸಿ ಬಾಗುವಿಕೆಯನ್ನು ಅಳೆಯಿರಿ. ಎರಡು ಪಟ್ಟಿಗಳನ್ನು ಬಿಡಿಯಾಗಿ ಒಂದರ ಮೇಲೊಂದು ಇಟ್ಟರೆ ಬಾಗುವಿಕೆ ಸುಮಾರು ಅರ್ಧವಾಗುತ್ತದೆ. ಅವುಗಳನ್ನೇ ಪೂರ್ತಿ ಅಂಟಿಸಿ ಒಣಗಿಸಿದ ಮೇಲೆ ಎಂಟನೆಯ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ವ್ಯತ್ಯಾಸವೇಕೆ ಎಂದು ಮೊದಲು ವಿದ್ಯಾರ್ಥಿಗಳನ್ನೇ ಕೇಳಿ. ಅಂಟಿಸದಿದ್ದಾಗ ಪದರಗಳು ಒಂದರ ಮೇಲೊಂದು ಜಾರುತ್ತವೆ ಎಂಬುದನ್ನು ಅವರೇ ಕಂಡುಕೊಳ್ಳಲಿ.