ಗಾಜಿನಿಂದ ಕಳಚಿದ ಫಾಸ್ಟ್‌ಟ್ಯಾಗ್: ಕೈಯಲ್ಲಿ ಹಿಡಿದವರೆಲ್ಲ ಕಳ್ಳರಲ್ಲ

ಟೋಲ್ ಬೂತ್ ಹತ್ತಿರ ಬಂದ ಕೂಡಲೇ ಡ್ಯಾಶ್‌ಬೋರ್ಡ್ ಮೇಲಿಂದ ಫಾಸ್ಟ್‌ಟ್ಯಾಗ್ ಎತ್ತಿ ಗಾಜಿಗೆ ಹಿಡಿಯುವವರನ್ನು ನೀವು ನೋಡಿರ್ತೀರಿ. ಬಹುಶಃ ನೀವೇ ಹಿಡಿದಿರ್ತೀರಿ. ಇದಕ್ಕೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಇಟ್ಟಿರುವ ಹೆಸರು ‘ಟ್ಯಾಗ್ ಇನ್ ಹ್ಯಾಂಡ್’. ಇಂಥ ಟ್ಯಾಗ್ ಕಂಡರೆ ತಕ್ಷಣ ವರದಿ ಮಾಡಿ, ಬ್ಲ್ಯಾಕ್‌ಲಿಸ್ಟ್ ಮಾಡ್ತೀವಿ ಅಂತ 2025ರ ಜುಲೈನಲ್ಲಿ ಅದು ಟೋಲ್ ಸಂಗ್ರಹ ಏಜೆನ್ಸಿಗಳಿಗೆ ಹೇಳಿತು.

ಸರ್ಕಾರದ ಆತಂಕ ಸುಳ್ಳಲ್ಲ. ಒಂದೇ ಟ್ಯಾಗನ್ನು ಎರಡು ಗಾಡಿಗೆ ಬಳಸೋದು, ಕಾರಿನ ಟ್ಯಾಗ್ ತೋರಿಸಿ ಲಾರಿ ದಾಟಿಸೋದು ನಡೆಯುತ್ತದೆ. ಗೇಟ್ ಇಲ್ಲದೆ ಓಡುತ್ತಲೇ ಟೋಲ್ ಕಟ್ಟುವ ವ್ಯವಸ್ಥೆ ಬಂದಾಗಲಂತೂ ಸಡಿಲ ಟ್ಯಾಗ್ ಕೆಲಸಕ್ಕೆ ಬರಲ್ಲ.

ಆದರೆ ಟ್ಯಾಗ್ ಕಳಚೋದು ಯಾಕೆ? ಫಾಸ್ಟ್‌ಟ್ಯಾಗ್‌ನಲ್ಲಿ ಬ್ಯಾಟರಿ ಇರಲ್ಲ. ಸಣ್ಣದೊಂದು ಚಿಪ್, ಅದರ ಸುತ್ತ ತೆಳು ಲೋಹದ ಆಂಟೆನಾ, ಅಷ್ಟೇ. ಬೂತ್‌ನ ರೀಡರ್ ಕಳಿಸುವ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆದು ತನ್ನ ಸಂಖ್ಯೆಯನ್ನು ವಾಪಸ್ ಕಳಿಸುತ್ತದೆ. ಕಿತ್ತರೆ ಆಂಟೆನಾ ಹರಿದುಹೋಗಲಿ ಅಂತಲೇ ಇದನ್ನು ಮಾಡಿರುತ್ತಾರೆ. ಒಬ್ಬರ ಟ್ಯಾಗ್ ಇನ್ನೊಬ್ಬರ ಗಾಡಿಗೆ ಹೋಗಬಾರದು ಅನ್ನೋದು ಉದ್ದೇಶ. ಆದರೆ ರಾಯಚೂರು, ಕಲಬುರಗಿಯ ಬಿಸಿಲಿಗೆ ಅಂಟು ಬಿಟ್ಟರೂ, ಮುಂದಿನ ಗಾಜು ಒಡೆದು ಹೊಸದು ಹಾಕಿಸಿದರೂ ಟ್ಯಾಗ್ ಕೈಗೆ ಬರುತ್ತದೆ. ಕೈಯಲ್ಲಿ ಹಿಡಿದರೆ ಒಮ್ಮೆ ಓದುತ್ತದೆ, ಒಮ್ಮೆ ಓದಲ್ಲ. ನಮ್ಮ ದೇಹದ ನೀರಿನಂಶವೇ ಆ ಅಲೆಗಳನ್ನು ಹೀರಿಕೊಳ್ಳುತ್ತದೆ.

ಹಾಗಾದರೆ ಏನು ಮಾಡಬೇಕು? ಫೆವಿಕ್ವಿಕ್, ಸೆಲ್ಲೋಟೇಪ್ ಬೇಡ. ಟ್ಯಾಗ್ ಮೇಲೆ ಯಾವ ಬ್ಯಾಂಕಿನ ಹೆಸರಿದೆಯೋ ಅದರ ಆ್ಯಪ್ ಅಥವಾ ಸಹಾಯವಾಣಿಯಲ್ಲಿ ಬದಲಿ ಟ್ಯಾಗ್ ಕೇಳಿ, ಆರ್‌ಸಿ ಕೈಯಲ್ಲಿರಲಿ. ಗೊಂದಲವಾದರೆ ಹೆದ್ದಾರಿ ಸಹಾಯವಾಣಿ 1033 ಇದೆ. ಒಂದು ಗಾಡಿಗೆ ಒಂದೇ ಟ್ಯಾಗ್ ಅನ್ನೋದು ನಿಯಮ, ಹಾಗಾಗಿ ಹಳೆಯದನ್ನು ಮತ್ತೆ ಬಳಸೋ ಯೋಚನೆ ಬಿಡಿ. ಹೊಸದನ್ನು ಗಾಜಿನ ಒಳಬದಿ, ರಿಯರ್ ವ್ಯೂ ಕನ್ನಡಿಯ ಹಿಂದೆ, ಒರೆಸಿ ಒಣಗಿದ ಜಾಗದಲ್ಲಿ ಗಟ್ಟಿಯಾಗಿ ಒತ್ತಿ ಅಂಟಿಸಿ. ವಾರ್ಷಿಕ ಪಾಸ್ ಬೇಕಿದ್ದರೂ ಟ್ಯಾಗ್ ಗಾಜಿಗೆ ಅಂಟಿರಲೇಬೇಕು.

2025ರ ನವೆಂಬರ್ 15ರಂದು ಜಾರಿಗೆ ಬಂದ ನಿಯಮದಲ್ಲಿ, ಟ್ಯಾಗ್ ಬ್ಲ್ಯಾಕ್‌ಲಿಸ್ಟ್ ಆಗಿ ಟೋಲ್‌ಗೆ ಬಂದರೆ ನಗದಿಗೆ ಎರಡು ಪಟ್ಟು ಶುಲ್ಕ ಇತ್ತು. ಯುಪಿಐನಲ್ಲಿ ಕಟ್ಟಿದರೆ 1.25 ಪಟ್ಟು. ಅಂದರೆ ₹100ರ ಟೋಲ್‌ಗೆ ನಗದಾದರೆ ₹200, ಯುಪಿಐ ಆದರೆ ₹125. ಈಗಿನ ನಿಯಮ ಮೊದಲೇ ನೋಡಿಕೊಳ್ಳಿ, ಬೂತ್‌ನಲ್ಲಿ ವಾದ ಮಾಡೋಕೆ ಸಮಯ ಸಿಗಲ್ಲ.

ಈಗ ನನ್ನ ತಕರಾರು. 2018ರಲ್ಲಿ ಇದೇ ಸರ್ಕಾರ ಒಂದು ಒಳ್ಳೆಯ ನಿಯಮ ತಂದಿತ್ತು. ನಿಮ್ಮ ಟ್ಯಾಗ್ ಸರಿಯಿದ್ದು, ಬ್ಯಾಲೆನ್ಸ್ ಇದ್ದು, ಟೋಲ್‌ನ ಯಂತ್ರವೇ ಕೆಟ್ಟಿದ್ದರೆ ನೀವು ಹಣ ಕಟ್ಟದೆ ಹೋಗಬಹುದು; ಶೂನ್ಯ ಮೊತ್ತದ ರಸೀದಿಯನ್ನೂ ಕೊಡಬೇಕು. ತಪ್ಪು ಯಾರದ್ದು ಅಂತ ನೋಡಿ ಹೊರೆ ಹಾಕುವ ನಿಯಮ ಅದು. ಸಡಿಲ ಟ್ಯಾಗ್ ವಿಷಯಕ್ಕೆ ಬಂದಾಗ ಆ ನ್ಯಾಯ ಎಲ್ಲಿ ಹೋಯಿತು?

ಮೋಸ ಮಾಡಿದವರು ಯಾರು ಅಂತ ಪತ್ತೆ ಹಚ್ಚೋದು ಕಷ್ಟವೂ ಅಲ್ಲ. ಲೇನ್‌ನಲ್ಲಿ ನಂಬರ್ ಪ್ಲೇಟ್ ಹಿಡಿಯುವ ಕ್ಯಾಮೆರಾ ಇರುತ್ತದೆ, ಟ್ಯಾಗ್‌ನಲ್ಲಿ ನೋಂದಣಿಯಾದ ಗಾಡಿಯ ವಿವರ ಇರುತ್ತದೆ. ಎರಡೂ ಹೊಂದದಿದ್ದರೆ ಮೋಸ, ತಕ್ಷಣ ಬ್ಲ್ಯಾಕ್‌ಲಿಸ್ಟ್ ಮಾಡಲಿ. ಹೊಂದಿದರೆ ಅದು ಅಂಟು ಬಿಟ್ಟ ಟ್ಯಾಗ್ ಅಷ್ಟೇ. ಮೊದಲು ಎಸ್‌ಎಂಎಸ್ ಕಳಿಸಲಿ, ಬದಲಿಸಿಕೊಳ್ಳೋಕೆ ಕೆಲವು ದಿನ ಕೊಡಲಿ.

ಕೆಲವು ದಿನ ಅನ್ನೋದು ಸಣ್ಣ ವಿಷಯ ಅಲ್ಲ. ಹಳದಿ ಬೋರ್ಡ್ ಟ್ಯಾಕ್ಸಿ ಓಡಿಸುವವನ ಗಾಡಿ ಬಹಳ ಸಲ ಬೇರೆಯವರ ಹೆಸರಲ್ಲಿರುತ್ತದೆ. ಟ್ಯಾಗ್ ಸಂದೇಶ ಮಾಲೀಕನ ಮೊಬೈಲ್‌ಗೆ ಹೋಗುತ್ತದೆ; ಗಣಂಗೂರು ಟೋಲ್‌ನಲ್ಲಿ ಹೆಚ್ಚುವರಿ ಶುಲ್ಕಕ್ಕೆ ಜೇಬಿಗೆ ಕೈ ಹಾಕೋದು ಡ್ರೈವರ್. ಆ ದಿನದ ಅವನ ಕೂಲಿ ಅಲ್ಲೇ ಕರಗುತ್ತದೆ.

ನೀವು ಇವತ್ತೇ ನಿಮ್ಮ ಟ್ಯಾಗ್ ಬದಲಿಸಿಕೊಳ್ಳಿ. ಜೊತೆಗೆ ನಿಮ್ಮ ಸಂಸದರನ್ನು ಈ ಒಂದು ಪ್ರಶ್ನೆ ಕೇಳಿ: ಅಂಟು ಬಿಟ್ಟವನಿಗೂ ಮೋಸ ಮಾಡಿದವನಿಗೂ ಒಂದೇ ಶಿಕ್ಷೆ ಯಾಕೆ?